ಚಿಮಣಿ ಎಣ್ಣೆ ತೀರಿದ ಭಾದ್ರಪದ

ಮೊನ್ನೆ ನಮ್ಮ ರೊಟ್ಟಿ ಕೇಂದ್ರದ ಶಟರಿಗೆ ಬಣ್ಣ ಹಚ್ಚಲು ಒಬ್ಬ ಪೇಂಟರ್ ಬಂದಿದ್ದ. ಮಧ್ಯಾಹ್ನ ಕೆಲಸ ಮುಗಿಸಿ, ಕೈಗೆ ಅಂಟಿದ ನೀಲಿ ಬಣ್ಣ ತೆಗೆಯಲು ಚೀಲದಿಂದ ಒಂದು ಬಾಟಲಿ ತೆಗೆದು ಬಟ್ಟೆಗೆ ಸುರಿದುಕೊಂಡ. ಚಿಮಣಿ ಎಣ್ಣೆ, ಅದೇ ಸೀಮೆಎಣ್ಣೆ. ಗಜೇಂದ್ರಗಡದಲ್ಲಿ ಈಗ ಆ ವಾಸನೆ ಬರುವ ಅಡುಗೆಮನೆ ಹುಡುಕಿದರೂ ಸಿಗುವುದಿಲ್ಲ, ಎಲ್ಲರದೂ ಗ್ಯಾಸ್. ನಾನು ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತೆ. ನನ್ನ ಸಂಗಡ ರೊಟ್ಟಿ ಮಾಡುವ ಹುಸೇನಬಿ ಬಾಗಿಲಿಗೆ ಬಂದಳು.

"ಯಾಕ್ರೀ ಅಕ್ಕಾರ, ತಲಿ ತಿರಗಾಕತ್ತೈತೇನು?"

"ಇಲ್ಲವಾ, ಆ ವಾಸನಿ ತಡಿಯಾಕ ಆಗವಲ್ದು."

ಪೇಂಟರ್ ಪಾಪ, ತನ್ನದೇನೋ ತಪ್ಪಾಯಿತೆಂದು ಬಾಟಲಿಯ ಮುಚ್ಚಳ ಬಿಗಿ ಮಾಡಿದ. ಆದರೆ ನಾನಾಗಲೇ ಏಳು ವರ್ಷದ ಹಿಂದಿನ ಒಂದು ಭಾದ್ರಪದಕ್ಕೆ ಹೋಗಿಬಿಟ್ಟಿದ್ದೆ.

ನಮ್ಮಣ್ಣ ಈರಪ್ಪನದು ನರಗುಂದದ ಪೇಟೆಯಲ್ಲಿ ಅರಿವೆ ಅಂಗಡಿ. ವರ್ಷದ ಹನ್ನೊಂದು ತಿಂಗಳು ಗಾದಿಯ ಮೇಲೆ ಕುಳಿತು ಸೀರೆ ಬಿಚ್ಚಿ ತೋರಿಸುವ ಮನುಷ್ಯ, ಗಣಪತಿ ಹಬ್ಬ ಮುಗಿದು ದಸರೆಯ ವ್ಯಾಪಾರ ಶುರುವಾಗುವ ನಡುವೆ ಸಿಗುವ ಮೂರು ನಾಲ್ಕು ವಾರ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕಚ್ಛದ ಉಪ್ಪಿನ ಬಯಲು ನಡೆದು ದಾಟಿದ್ದ. ಅರುಣಾಚಲದ ಕಾಡಿನಲ್ಲಿ ಬಿದಿರಿನ ತೂಗುಸೇತುವೆ ಮುರಿದು ಎರಡು ದಿನ ಹೊಳೆಯ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ. ಟಿಬೆಟಿನ ಬಯಲಲ್ಲಿ ಜೀಪು ಕೆಟ್ಟು ಕುರಿ ಕಾಯುವವರ ಡೇರೆಯಲ್ಲಿ ಮಲಗಿದ್ದ. ಎಲ್ಲಿಗೆ ಹೋದರೂ ಊಟ ಮಾತ್ರ ನಮ್ಮದೇ ಆಗಬೇಕು. ನಮ್ಮ ಕಡೆ ಕಾಶಿಗೆ ಬಸ್ಸು ಹೊರಟರೂ ಹಿಂದೆ ಒಲೆ, ಪಾತ್ರೆ, ಅಡುಗೆಯವ, ರೊಟ್ಟಿಯ ಗಂಟು ಹೊರಡುತ್ತವಲ್ಲ, ಅಣ್ಣನೂ ಹಾಗೆಯೇ. ಬೆಳವಣಕಿಯ ಸಂಗಪ್ಪ ಎಂಬ ಅಡುಗೆಯವನನ್ನು ಕಟ್ಟಿಕೊಂಡೇ ಹೋಗುತ್ತಿದ್ದ. ಆ ವರ್ಷ ಸಂಗಪ್ಪ ಕಾಳು ತುಂಬುವ ಹಗೇವಿನ ಹತ್ತಿರ ಜಾರಿ ಬಿದ್ದು ಭುಜದ ಎಲುಬು ಮುರಿದುಕೊಂಡ. ಅಣ್ಣ ನನಗೆ ಫೋನ್ ಮಾಡಿದ.

"ನೀಲಾ, ನೀನs ಬಾ. ಇಪ್ಪತ್ತ ದಿನದ ಮಾತು."

"ಅಣ್ಣಾ, ನಾ ಹುಬ್ಬಳ್ಳಿ ದಾಟಿದಾಕಿ ಅಲ್ಲ."

"ಅದಕ್ಕs ಅಂತೀನಿ. ರಸ್ತೆ ಇಲ್ಲದ ಊರು ಒಂದೈತಿ, ಉತ್ತರದ ಹಿಮದ ಗುಡ್ಡದಾಗ, ಝಂಸ್ಕಾರದ ಆಚೆ. ಗುಡ್ಡ ಒಡೆದು ರಸ್ತೆ ತರಾಕತ್ತಾರ. ರಸ್ತೆ ಬಂದಮ್ಯಾಲೆ ಏನ್ ನೋಡೂದು? ಗದ್ದಲನs."

ನನ್ನ ಗಂಡ ತೀರಿ ಆಗ ನಾಲ್ಕು ವರ್ಷವಾಗಿತ್ತು. ಬೆಳಗಾದರೆ ಹಿಟ್ಟು, ಸಂಜೆಯಾದರೆ ಹಿಟ್ಟು. ಯಾರೋ ನನ್ನನ್ನು ಎಲ್ಲಿಗೋ ಕರೆಯುತ್ತಿದ್ದಾರೆ ಎಂಬುದೇ ದೊಡ್ಡದಾಗಿ ಕಂಡಿತು. ಹೂಂ ಅಂದೆ.

ಗಿರಾಕಿಗಳ ರೊಟ್ಟಿ ಮುಗಿದ ಮೇಲೆ ದಿನಾ ಒಂದಿಷ್ಟರಂತೆ ಎಂಟು ದಿನ ರೊಟ್ಟಿ ಮಾಡಿದೆವು. ನರೇಗಲ್ಲಿನ ಸಂತೆಯಿಂದ ತಂದ ಬಿಳಿ ಜೋಳ, ಅದಕ್ಕೊಂದು ಹಿಡಿ ಎಳ್ಳು. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದ ಖಡಕ್ ರೊಟ್ಟಿ. ತಟ್ಟಿದರೆ ಹಂಚಿನ ತುಂಡಿನಂತೆ ಸಪ್ಪಳವಾಗಬೇಕು. ಇನ್ನೂರು ರೊಟ್ಟಿಯನ್ನು ಹಳೆಯ ಧೋತರದಲ್ಲಿ ಕಟ್ಟಿದೆವು. ಶೇಂಗಾ ಚಟ್ನಿ ಪುಡಿ, ಬೆಲ್ಲ ಹಾಕಿ ಕಟ್ಟಿದ ಶೇಂಗಾ ಉಂಡೆ ಒಂದು ದೊಡ್ಡ ತಗಡಿನ ಡಬ್ಬಿ, ತೊಗರಿಬೇಳೆ ಐದು ಕಿಲೋ. ಎಲ್ಲ ಕಟ್ಟಿಕೊಂಡು ರೋಣದ ಮೇಲೆ ಹಾದು ನರಗುಂದಕ್ಕೆ ಬಸ್ಸಿನಲ್ಲಿ ಹೋದೆ.

ಗಿರಿಜಾ ವೈನಿ, ಅಂದರೆ ಅಣ್ಣನ ಹೆಂಡತಿ, ಪಡಸಾಲೆಯಲ್ಲಿ ಕುಳಿತು ಅವನ ಉಣ್ಣೆಯ ಕಾಲುಚೀಲ ಎಣಿಸುತ್ತಿದ್ದಳು. ಮಾತು ಮಾತ್ರ ಅವನ ಮೇಲೆಯೇ.

"ಅಂಗಡ್ಯಾಗ ಒಂದ್ ಸೀರಿ ಗಂಟ ಎತ್ತಾಕ ಆಳ ಬೇಕು ಇವ್ರಿಗೆ. ಗುಡ್ಡ ಹತ್ತಾಕ ಯಾರೂ ಬ್ಯಾಡ."

"ಗುಡ್ಡ ಯಾವತ್ತೂ ಬಣ್ಣ ಹೋಗತೈತೇನ್ರೀ ಅಂತ ಕೇಳೂದಿಲ್ಲಲೇ" ಎಂದ ಅಣ್ಣ.

ಆಮೇಲೆ ಅವಳು ನನ್ನ ಗಂಟು ಬಿಚ್ಚಿ ನೋಡಿ, "ಕುಕ್ಕರ್ ಎಲ್ಲಿ? ಸಂಗಪ್ಪ ಒಯ್ತಿದ್ದ" ಎಂದಳು. ನಾನು ನಕ್ಕೆ. "ವೈನಿ, ಕುಕ್ಕರಿನ ಬ್ಯಾಳಿಗೆ ಏನ್ ರುಚಿರಿ? ನನ್ನ ಬೋಗುಣಿ ಐತಲ್ಲ. ಸುಮ್ನ ವಜ್ಜಿ ಯಾಕ." ನಮ್ಮ ಕೇಂದ್ರದಲ್ಲಿ ಇವತ್ತಿನವರೆಗೂ ಬೇಳೆ ಕುಕ್ಕರಿನಲ್ಲಿ ಬೆಂದಿಲ್ಲ. ಅದು ನನ್ನ ಹೆಚ್ಚುಗಾರಿಕೆ. ವೈನಿ ಅಣ್ಣನ ಮುಖ ನೋಡಿದಳು. ಅವನು "ಇರ್ಲಿ ಬಿಡು, ಅಡಗಿ ಆಕೀದು" ಎಂದ. ಬಸ್ಸು ಬಿಡುವಾಗ ಅವಳು ನನ್ನ ಕೈ ಹಿಡಿದು, "ಉಣ್ಣೂದು ಕುಡಿಯೂದು ನಿನ್ನ ಕೈಯಾಗ ಕೊಟ್ಟೇನಿ ನೋಡು" ಎಂದಳು.

ರೈಲು, ವಿಮಾನ, ಎರಡು ದಿನದ ಜೀಪು. ರಸ್ತೆ ಮುಗಿದಲ್ಲಿ ತಾಶಿ ಎಂಬವನು ಮೂರು ಕುದುರೆಗಳೊಂದಿಗೆ ಕಾಯುತ್ತಿದ್ದ. ನಲವತ್ತರ ಆಸುಪಾಸು, ಮುಖ ಚರ್ಮದ ಚೀಲದಂತೆ ಒಣಗಿತ್ತು. ಅವನ ಹಿಂದಿಗೂ ನಮ್ಮೂರಿನ ಪೇಟೆಯ ಹಿಂದಿಗೂ ಹೇಗೋ ಹೊಂದಾಣಿಕೆಯಾಯಿತು. ನನ್ನನ್ನು ದೀದಿ ಎಂದ, ಅಣ್ಣನನ್ನು ಸೇಠ್ ಎಂದ. ಒಂದು ಘಟ್ಟ ದಾಟಿದರೆ ಆ ಊರು, ಒಟ್ಟು ಏಳು ದಿನದ ನಡಿಗೆ. ಒಂದು ದಿನ ಹೆಚ್ಚಾದರೂ ಇರಲೆಂದು ಎಂಟು ದಿನಕ್ಕಾಗುವಷ್ಟು ಚಿಮಣಿ ಎಣ್ಣೆ, ಒಂದು ಪಂಪಿನ ಸ್ಟೋವ್. ಅಲ್ಲಿ ಸೌದೆಯೆಂದರೆ ಏನೂ ಇಲ್ಲ, ಒಂದು ಕಡ್ಡಿಯೂ ಇಲ್ಲ. ನಮ್ಮ ಗಜೇಂದ್ರಗಡದ ಗುಡ್ಡದ ಮೇಲಿನ ಹುಲ್ಲು, ಕಂಟಿ, ಮಣ್ಣು ಎಲ್ಲ ಕೆರೆದು ತೆಗೆದು, ಬರೀ ಕಲ್ಲನ್ನು ಆಕಾಶದವರೆಗೆ ಪೇರಿಸಿದರೆ ಹೇಗೋ ಹಾಗೆ.

ಮೊದಲ ಮೂರು ದಿನ ನಾನು ಸುಖವಾಗಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಸುಖವಾಗಿದ್ದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ನಿಂತಾಗಲೆಲ್ಲ ಕೆಳಗೆ ಹಸಿರು ಹೊಳೆ, ಮೇಲೆ ಕೆಂಪು ಬಂಡೆ. ಅಣ್ಣ ಒಂದು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, "ನೋಡ ನೀಲಾ, ಇಲ್ಲಿ ಯಾರರ ಇನ್ನೊಂದ್ ಅರ್ಧ ಮೀಟರ್ ಹರೀರಿ ಅಂತಾರೇನು?" ಎಂದ. ಅಂಗಡಿಯಲ್ಲಿ ಅವನು ಅಷ್ಟು ನಕ್ಕದ್ದನ್ನು ನಾನು ಕಂಡಿಲ್ಲ.

ಮೊದಲ ಸಂಜೆ ಹೊಳೆಯ ದಂಡೆಯಲ್ಲಿ ಬೇಳೆ ಇಟ್ಟೆ. ನೀರು ಲಗೂನೇ ಕುದಿಯಿತು, ಬೇಳೆ ಬೇಯಲಿಲ್ಲ. ಒಂದು ತಾಸು, ಎರಡು ತಾಸು. ಬೆರಳಲ್ಲಿ ಹಿಸುಕಿದರೆ ಕಲ್ಲು. ಅಷ್ಟು ಎತ್ತರದಲ್ಲಿ ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ, ಎಷ್ಟು ಹೊತ್ತು ಕುದಿಸಿದರೂ ಅಷ್ಟೇ ಎಂಬುದು ನನಗೆ ಗೊತ್ತಿರಲಿಲ್ಲ. ಬೇಳೆಯೇ ಹಳೆಯದು ಕೊಟ್ಟಿದ್ದಾನೆ ಎಂದು ನರೇಗಲ್ಲಿನ ವ್ಯಾಪಾರಿಯನ್ನು ಬೈದುಕೊಂಡೆ. ಸ್ಟೋವಿಗೆ ಪಂಪು ಹೊಡೆಯುತ್ತಲೇ ಇದ್ದೆ. ಅರೆಬೆಂದ ಬೇಳೆಯನ್ನು ಅಣ್ಣನ ತಾಟಿಗೆ ಹಾಕುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಎರಡನೆಯ ದಿನ ಬೆಳಿಗ್ಗೆಯೇ ನೆನೆಹಾಕಿದೆ, ಸಂಜೆ ಮತ್ತೆ ಮೂರು ತಾಸು. ಮೂರನೆಯ ದಿನವೂ ಹಾಗೇ.

ತಾಶಿ ಎಣ್ಣೆಯ ಕ್ಯಾನು ಅಲ್ಲಾಡಿಸಿ ನೋಡಿ, "ದೀದಿ, ಬೇಳೆ ಬಿಡಿ. ಎಣ್ಣೆ ಊಟಕ್ಕಲ್ಲ, ನೀರಿಗೆ" ಎಂದ. ನನಗೆ ಅದು ಅರ್ಥವಾಗಲಿಲ್ಲ. ಎದುರಿಗೆ ಹೊಳೆ ಹರಿಯುತ್ತಿದೆ, ನೀರಿಗೆ ಎಣ್ಣೆ ಯಾಕೆ?

"ಇವಂಗ ರೊಟ್ಟಿ ಚಟ್ನಿ ಸಾಕು, ನಿನಗ ಸಾಕಾಗತೈತೇನಣ್ಣಾ?" ಎಂದು ಕೇಳಿದೆ.

ಅಣ್ಣ ತಾಟು ನೋಡಿದ. ಬೇಳೆ ಹಲ್ಲಿಗೆ ಸಿಗುತ್ತಿದ್ದುದು ನನಗೇ ಕೇಳಿಸುತ್ತಿತ್ತು. "ಚಲೋ ಆಗೇದ" ಎಂದು ಉಂಡ.

ನಾಲ್ಕನೆಯ ದಿನ ಹೊಳೆ ಬಿಟ್ಟು ಮೇಲೆ ಹತ್ತಿದೆವು. ಘಟ್ಟದ ಬುಡದಲ್ಲಿ ಜಲ್ಲಿ ಸುರಿದಂಥ ಒಂದು ಬಯಲು. ಅಲ್ಲಿ ನೀರಿಲ್ಲ, ಒಂದು ರಾತ್ರಿ ಕಳೆದು ಮರುದಿನ ದಾಟುವುದು ಲೆಕ್ಕ. ಡೇರೆ ಕಟ್ಟುವ ಹೊತ್ತಿಗೆ ಗಾಳಿ ತಿರುಗಿತು. ತಾಶಿ ಆಕಾಶ ನೋಡಿ ಕುದುರೆಗಳ ಕಾಲು ಬಿಗಿದ. ಬೆಳಗಾಗುವಷ್ಟರಲ್ಲಿ ಡೇರೆಯ ಬಾಗಿಲು ಬಿಚ್ಚಲು ಬರಲಿಲ್ಲ, ಮೊಳಕಾಲುದ್ದ ಹಿಮ. ಎರಡು ಕುದುರೆ ಹಗ್ಗ ಹರಿದುಕೊಂಡು ಕೆಳಗೆ ಓಡಿಹೋಗಿದ್ದವು.

ಅವತ್ತು ಮಧ್ಯಾಹ್ನದಿಂದ ಅಣ್ಣನಿಗೆ ಕೆಮ್ಮು. ಮೊದಲು ಒಣ ಕೆಮ್ಮು, ಆಮೇಲೆ ಎದೆಯೊಳಗೆ ಹುಕ್ಕಾ ಎಳೆದಂಥ ಗುಳುಗುಳು. ತುಟಿ ನೇರಳೆಹಣ್ಣು ತಿಂದವನ ಹಾಗೆ. ತಾಶಿ ಅವನ ಉಗುರು ನೋಡಿ, "ಕೆಳಗೆ ಇಳಿಸಬೇಕು, ಇಲ್ಲಿ ಇಟ್ಟುಕೊಳ್ಳಬಾರದು" ಎಂದ. ಆದರೆ ಹೊರಗೆ ಚಾಚಿದ ಕೈ ಕಾಣಿಸುತ್ತಿರಲಿಲ್ಲ. ಗಾಳಿ ನಿಲ್ಲುವವರೆಗೂ ನೀರು ಕುಡಿಸುತ್ತ ಇರಬೇಕು, ಅಷ್ಟೇ ಮಾಡಲು ಬರುವುದು ಎಂದ. ಹಿಮ ಕರಗಿಸಿ ನೀರು ಮಾಡಲು ಎಣ್ಣೆಯ ಕ್ಯಾನು ಎತ್ತಿದ. ತಳದಲ್ಲಿ ಒಂದು ಲೋಟದಷ್ಟು ಸದ್ದಾಯಿತು. ನನ್ನ ಕಡೆ ನೋಡಲಿಲ್ಲ. ಅವನು ನೋಡಿದ್ದರೆ, ಬೈದಿದ್ದರೆ, ಚಲೋ ಇತ್ತು.

ಅಂಥ ನೀರಡಿಕೆಯನ್ನು ನಾನು ಬಿರುಬೇಸಿಗೆಯ ರಾಜೂರಿನ ಹೊಲಗಳಲ್ಲೂ ಕಂಡಿಲ್ಲ. ಸುತ್ತ ಬೆಳ್ಳಗೆ ನೀರೇ ಬಿದ್ದಿದೆ, ಕುಡಿಯಲು ಹನಿ ಇಲ್ಲ. ಹಿಮ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುತ್ತದೆ, ಮೈ ಇನ್ನಷ್ಟು ತಣ್ಣಗಾಗುತ್ತದೆ, ಕೊಡಬೇಡಿ ಎಂದು ತಾಶಿ ಕೈ ಹಿಡಿದ. ಬಾಟಲಿಗೆ ಹಿಮ ತುಂಬಿ ಹೊಟ್ಟೆಗೆ ಕಟ್ಟಿಕೊಂಡೆ. ಬಹಳ ಹೊತ್ತಿನ ಮೇಲೆ ಎರಡು ಗುಟುಕಾಯಿತು. ಅಣ್ಣನಿಗೆ ರೊಟ್ಟಿಯ ಚೂರು ಬಾಯಿಗಿಟ್ಟರೆ ಅದು ಹಾಗೇ ಒಣಗಿಯೇ ಇರುತ್ತಿತ್ತು. ನುಂಗಲು ಜೊಲ್ಲಿಲ್ಲ. ಆರು ತಿಂಗಳು ಕೆಡದ ರೊಟ್ಟಿ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಅಲ್ಲಿ ನನ್ನ ಮುಖಕ್ಕೇ ಹೊಡೆಯಿತು.

ಎರಡನೆಯ ಬೆಳಿಗ್ಗೆ ಎಣ್ಣೆ ಪೂರ್ತಿ ತೀರಿತು. ತಾಶಿ ಒಂದು ಕುದುರೆಯ ಕಟ್ಟಿಗೆಯ ಜೀನು ಒಡೆದು ಸುಟ್ಟ, ಮಧ್ಯಾಹ್ನಕ್ಕೆ ಅದೂ ಮುಗಿಯಿತು. ಆಗ ನಾನು ಧೋತರದ ಗಂಟು ನೋಡಿದೆ. ನೂರೈವತ್ತಾದರೂ ರೊಟ್ಟಿ ಉಳಿದಿದ್ದವು. ಒಲೆಯ ಅಂಚಿನಿಂದ ಉರಿಗೆ ಬಿದ್ದ ಖಡಕ್ ರೊಟ್ಟಿ ಹೇಗೆ ಭಗ್ಗೆನ್ನುತ್ತದೆ ಎಂಬುದು ರೊಟ್ಟಿ ಮಾಡುವವರಿಗೆ ಗೊತ್ತು.

ಗಂಟು ಬಿಚ್ಚುವ ಸಪ್ಪಳಕ್ಕೆ ಅಣ್ಣ ಕಣ್ಣು ತೆರೆದ.

"ಏನ್ ಮಾಡ್ತಿ?"

"ನೀರ್ ಕಾಸ್ತೇನಿ."

"ರೊಟ್ಟಿ ಸುಡಬ್ಯಾಡ, ನೀಲಾ. ಅನ್ನಕ್ಕ ಬೆಂಕಿ ಹಚ್ಚಬಾರದು."

"ನೀ ಸುಮ್ಕಿರು."

"ಅಪ್ಪ ಇದ್ದಿದ್ರ ನಿನ್ನ ಬಾರಕೋಲ ತಗೊಂಡ ಹೊಡೀತಿದ್ದ."

"ಹೊಡೀಲಿ. ಬಂದ ಹೊಡೀಲಿ."

ನಮ್ಮ ಮನೆಯಲ್ಲಿ ತಾಟಿನ ಆಚೆ ಒಂದು ಅಗುಳು ಬಿದ್ದರೂ ಹೆಕ್ಕಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ರೊಟ್ಟಿ ಕಾಲಿಗೆ ತಗುಲಿದರೆ ಕೈ ಮುಗಿಯುತ್ತಿದ್ದೆವು. ನಾನು ಉಂಡೆಯ ಡಬ್ಬಿ ಬರಿದು ಮಾಡಿ, ತಾಶಿ ಚಾಕುವಿನಿಂದ ಅದರ ಪಕ್ಕಕ್ಕೆ ತೂತು ಹೊಡೆದುಕೊಟ್ಟ ಮೇಲೆ, ಡೇರೆಯ ಬಾಯಲ್ಲಿ ಕಲ್ಲುಗಳ ಮರೆಗೆ ಇಟ್ಟು ಒಲೆ ಮಾಡಿದೆ. ಕ್ಯಾನಿನ ಬಾಯಿ ಒರೆಸಿದ ಎಣ್ಣೆಬಟ್ಟೆಯ ಮೇಲೆ ಎರಡು ಶೇಂಗಾ ಉಂಡೆ ಪುಡಿಮಾಡಿ ಹಾಕಿ ಕಡ್ಡಿ ಗೀರಿದೆ. ಶೇಂಗಾದ ಎಣ್ಣೆ ಮೊದಲು ಹೊಗೆಯಾಡಿ, ಆಮೇಲೆ ಹಿಡಿಯಿತು. ಅದರ ಮೇಲೆ ಮೊದಲನೆಯ ರೊಟ್ಟಿಯನ್ನು ಮುರಿದು ನಿಲ್ಲಿಸಿದೆ. ಎಳ್ಳು ಚಟಪಟ ಅಂದವು. ರೊಟ್ಟಿ ಅಂಚಿನಿಂದ ಸುರುಳಿಯಾಗುತ್ತ ಕಪ್ಪಗಾಗಿ, ನಡುವೆ ನನ್ನ ಬೆರಳಿನ ಗುರುತು ಕಾಣಿಸಿ ಹೋಯಿತು. ನಾನು ಅಳಲಿಲ್ಲ, ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ. ಆ ನೀರೂ ದಂಡವಾಗುತ್ತಿದೆ ಅನ್ನಿಸಿದ್ದು ನೆನಪಿದೆ.

ಆರು ರೊಟ್ಟಿಗೆ ಅರ್ಧ ತಂಬಿಗೆ ನೀರು. ಬೂದಿ ಹಾರಿ ಬಿದ್ದು ಕದಡಿದ, ಹೊಗೆವಾಸನೆಯ ನೀರು. ಸೆರಗಿನಲ್ಲಿ ಸೋಸಿ, ಅಣ್ಣನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಚಮಚದಿಂದ ಕುಡಿಸಿದೆ. ಕೈ ಮುಗಿಯಲು ನೋಡಿದ, ಕೈ ಮೇಲೇಳಲಿಲ್ಲ. ಯಾರಿಗೆ ಮುಗಿಯಲು ನೋಡಿದನೋ ಕೇಳಲಿಲ್ಲ. ತಾಶಿಗೆ ಎರಡು ಗುಟುಕು, ನನಗೆ ಎರಡು, ಉಳಿದದ್ದೆಲ್ಲ ಅಣ್ಣನಿಗೆ. ಆಮೇಲೆ ಮತ್ತೆ ಆರು ರೊಟ್ಟಿ. ಗಾಳಿ ಬಂದು ಉರಿ ಆರಿದರೆ ಮತ್ತೊಂದು ಉಂಡೆ. ಎರಡು ದಿನ ನಾನು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಗಜೇಂದ್ರಗಡದಲ್ಲಿ ಎಂಟು ದಿನ ಕುಳಿತು ಮಾಡಿದ್ದನ್ನು ಅಲ್ಲಿ ಎರಡು ದಿನ ಕುಳಿತು ಸುಟ್ಟೆ.

ನಡುವೆ ಒಮ್ಮೆ ಅವನಿಗೆ ಸ್ವಲ್ಪ ಹಗುರಾಯಿತು. ಆಗ ನಾನು ಅಂದೆ, "ಅಣ್ಣಾ, ಎಣ್ಣಿ ನಾನs ತೀರಿಸೇನಿ. ಬ್ಯಾಳಿ ಕುದಿಸಿ ಕುದಿಸಿ."

"ಗೊತ್ತೈತಿ."

"ಗೊತ್ತಿತ್ತೇನು? ಇಲ್ಲಿ ಬ್ಯಾಳಿ ಬೇಯೂದಿಲ್ಲಂತ?"

"ಸಂಗಪ್ಪ ಅದಕ್ಕs ಕುಕ್ಕರ್ ತರತಿದ್ದ." ಉಸಿರಿಗೆ ನಿಂತ. "ನೀ ನಾಕ ವರ್ಷದ ಮ್ಯಾಲೆ ನಕ್ಕೋತ ಅಡಗಿ ಮಾಡಾಕತ್ತಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ದಾಟಿಬಿಡತೀವಿ ಅನಕೊಂಡ್ನಿ."

ಈ ಮಾತಿನಿಂದ ನನಗೆ ಹಗುರಾಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಆಗಲಿಲ್ಲ. ಅವನು ಬೈದಿದ್ದರೆ ಅದು ನನ್ನೊಬ್ಬಳ ಒಂದೇ ತಪ್ಪಾಗಿ ಉಳಿಯುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಗಾಳಿ ನಿಂತಿತು. ಕಣ್ಣು ಕುಕ್ಕುವ ಬಿಸಿಲು. ಕೊನೆಯ ಒಂಬತ್ತು ರೊಟ್ಟಿ ಸುಟ್ಟು ಮಾಡಿದ ನೀರನ್ನು ಅಣ್ಣ ಪೂರ್ತಿ ಕುಡಿದ. ಉಳಿದಿದ್ದ ಒಂದೇ ಕುದುರೆಯ ಮೇಲೆ ಅವನನ್ನು ಕೂರಿಸಿ, ಧೋತರ ಹರಿದು ಬೆನ್ನಿಗೂ ಸೊಂಟಕ್ಕೂ ಕಟ್ಟಿ, ಬಂದ ದಾರಿಯಲ್ಲೇ ಇಳಿಸಿದೆವು. ತಾಶಿ ಮುಂದೆ ಹಿಮ ತುಳಿದು ದಾರಿ ಮಾಡುತ್ತಿದ್ದ, ನಾನು ಪಕ್ಕದಲ್ಲಿ ಅಣ್ಣನ ಕಾಲು ಹಿಡಿದು ನಡೆದೆ. ಇಳಿದಷ್ಟೂ ಬದುಕುತ್ತಾನೆ ಎಂದು ತಾಶಿ ಹೇಳಿದ್ದ. ನಾನು ಪ್ರತಿ ತಿರುವನ್ನೂ ಎಣಿಸಿದೆ. ಕೆಳಗೆ ಹೊಳೆಯ ಸಪ್ಪಳ ಕೇಳಿಸಿತು.

"ನೀಲಾ, ಇಳಸು" ಎಂದ. ಒಂದು ಬಂಡೆಗೆ ಒರಗಿಸಿದೆವು. ನೀರು ಎಂಬಂತೆ ತುಟಿ ಆಡಿಸಿದ. ತಾಶಿ ಬಾಟಲಿ ಕಿತ್ತುಕೊಂಡು ಹೊಳೆಗೆ ಓಡಿದ; ನೂರು ಹೆಜ್ಜೆ ಇರಬಹುದು. ಅವನು ತುಂಬಿದ ಬಾಟಲಿ ಹಿಡಿದು ಏದುಸಿರು ಬಿಡುತ್ತ ಬರುವಾಗ ಅಣ್ಣನ ಗದ್ದ ನನ್ನ ಭುಜದ ಮೇಲೆ ಬಂದು ಕೂತಾಗಿತ್ತು. ಆ ನೀರು ಎಷ್ಟು ತಿಳಿಯಾಗಿತ್ತೆಂದರೆ ಬಾಟಲಿ ಖಾಲಿ ಅನ್ನಿಸಿತು.

ತಾಶಿ ಹೋಗಿ ತನ್ನ ಊರಿನವರನ್ನು ಕರೆತಂದ, ಅವರು ಹೊತ್ತರು. ಕಲ್ಲು ನೆಲ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಂಟು ಜನ ಅಗೆದರು. ನನ್ನ ಚೀಲದಲ್ಲಿದ್ದ ವಿಭೂತಿಯ ಗಟ್ಟಿಯನ್ನು ಪೂರ್ತಿ ಹಚ್ಚಿ ಅಲ್ಲೇ ಮಣ್ಣು ಮಾಡಿದೆವು. ಊರಿಗೆ ತರಲು ರಸ್ತೆ ಇರಲಿಲ್ಲವಲ್ಲ. ಒಂದು ಹಗಲಿನ ದಾರಿಯಾಚೆಗಿನ ಠಾಣೆಯಿಂದ ನರಗುಂದಕ್ಕೆ ಸುದ್ದಿ ಮುಟ್ಟಿಸಿದರು. ಮರಳಿ ಬರುವಾಗ ದವಾಖಾನೆಯಲ್ಲಿ ಹಿಮ ಕಚ್ಚಿದ ನನ್ನ ಕಾಲ ಬೆರಳು ನೋಡಿದ ಡಾಕ್ಟರು, ಎಲ್ಲ ಕೇಳಿಸಿಕೊಂಡು, ಅದು ಎತ್ತರದ ರೋಗ, ಎದೆಯಲ್ಲೇ ನೀರು ತುಂಬಿಕೊಂಡಿರುತ್ತದೆ, ನೀವು ಎಷ್ಟು ಕುಡಿಸಿದ್ದರೂ ಅಷ್ಟೇ ಎಂದರು. ಒಳ್ಳೆಯ ಮನುಷ್ಯ. ಎಣ್ಣೆ ಇದ್ದಿದ್ದರೆ ಎಂದು ಕೇಳಿದೆ. ಅವರು ಬೇರೆ ಬೆರಳು ನೋಡತೊಡಗಿದರು.

ನರಗುಂದದ ಮನೆಯಲ್ಲಿ ಪಡಸಾಲೆ ತುಂಬ ಮಂದಿ. ಗಿರಿಜಾ ವೈನಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಹೋಗಿ ಎದುರಿಗೆ ಕುಳಿತೆ. ಹೆಂಗಸರು ಎದ್ದು ಹೋದರು. ಆಮೇಲೆ ವೈನಿ ಒಂದೇ ಕೇಳಿದಳು.

"ಕಡೀಕ ಬಾಯಾಗ ನೀರ್ ಬಿಟ್ಟಿಯೇನು?"

"ಮುಂಜಾನಿ ಕುಡಿಸಿದ್ನಿರಿ, ವೈನಿ. ತಂಬಿಗಿ ತುಂಬ. ಎಲ್ಲಾ ಕುಡದ್ರು."

"ಹೋಗುವಾಗ?"

ಹೂಂ ಅನ್ನಬಹುದಿತ್ತು. ಅವಳ ಮುಖ ಅದನ್ನೇ ಬೇಡುತ್ತಿತ್ತು. ಆದರೆ ಅವಳು ಅವನ ಉಣ್ಣುವುದನ್ನು ಕುಡಿಯುವುದನ್ನು ನನ್ನ ಕೈಯಲ್ಲಿ ಕೊಟ್ಟಿದ್ದಳು. "ಇಲ್ರಿ" ಎಂದೆ. ಬೇಳೆ, ಎಣ್ಣೆ, ರೊಟ್ಟಿ, ಹೊಳೆಗೆ ಓಡಿದ ತಾಶಿ, ಎಲ್ಲ ಹೇಳಿದೆ. ಅಣ್ಣನಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅದು ನನಗೆ ತಪ್ಪಿಸಿಕೊಳ್ಳುವ ದಾರಿಯಂತೆ ಕಂಡಿತು.

ವೈನಿ ನನ್ನ ಕೈಗಳನ್ನೇ ನೋಡಿದಳು. "ಈ ಮಾತ ಮಕ್ಕಳ ಮುಂದ ಆಡಬ್ಯಾಡ" ಎಂದಳು. "ನನ್ನ ಮುಂದೂ ಇನ್ನೊಮ್ಮಿ ಬ್ಯಾಡ."

ಆಡಿಲ್ಲ. ವರ್ಷಕ್ಕೆ ಎರಡು ಮೂರು ಸಲ ನರಗುಂದಕ್ಕೆ ಹೋಗುತ್ತೇನೆ. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ವೈನಿ ತಂಬಿಗೆಯ ತುಂಬ ನೀರು ತಂದು ಕೈಗೆ ಕೊಡುತ್ತಾಳೆ. ನೀರಡಿಕೆ ಇರಲಿ ಬಿಡಲಿ, ನಾನು ಅದನ್ನು ಎತ್ತಿ ಕುಡಿಯುತ್ತೇನೆ. ತಂಬಿಗೆ ಬರಿದಾಗುವವರೆಗೂ ಅವಳು ಎದುರಿಗೇ ನಿಂತು ನೋಡುತ್ತಾಳೆ. ಆಮೇಲೆ ತಂಬಿಗೆ ಇಸಿದುಕೊಂಡು ಒಳಗೆ ಹೋಗುತ್ತಾಳೆ.